ಸಾಲಿ ಬಿಡೋ ಹೊತ್ತಿನ ರಸ್ತೆ



ಇವತ್ತು ನಾನು ಮಾತಾಡಬೇಕೆಂದಿರುವುದು ದಿನದ ಒಂದು ಸಣ್ಣ ಹೊತ್ತಿನ ಬಗ್ಗೆ. ಸಂಜೆ ಸಾಲಿ ಬಿಟ್ಟ ಗಂಟೆ ಬಾರಿಸಿದ ಮೇಲಿನ ಇಪ್ಪತ್ತು ನಿಮಿಷ. ಬೀದರ ನಗರವಾಗಲಿ, ಭಾಲ್ಕಿಯಾಗಲಿ, ಔರಾದ ಆಗಲಿ, ಗೇಟು ತೆರೆದದ್ದೇ ತಡ, ನೂರಾರು ಮಕ್ಕಳು ಒಮ್ಮೆಲೇ ರಸ್ತೆಗೆ ಬರುತ್ತಾರೆ. ಬೆಳಗಿನಿಂದ ಒಂದೇ ಕಡೆ ಕೂತು ಬೇಸತ್ತ ಜೀವಗಳು. ಅವಕ್ಕೆ ನಡೆಯುವುದು ಗೊತ್ತಿಲ್ಲ, ಓಡುವುದಷ್ಟೇ ಗೊತ್ತು. ಎದುರಿನ ಅಂಗಡಿಯಲ್ಲಿ ಐಸ್‌ಕ್ಯಾಂಡಿ ಇದೆ. ಆ ಬದಿಯಲ್ಲಿ ಅಣ್ಣ ಸೈಕಲ್ ಹಿಡಿದು ನಿಂತಿದ್ದಾನೆ. ಊರಿಗೆ ಹೋಗುವ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿದೆ. ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ ಟಂಟಂ, ಕ್ರೂಸರ್, ಟಿಪ್ಪರ್, ಮೂರು ಮಂದಿ ಕೂತ ಬೈಕು, ಎಲ್ಲವೂ ತಮ್ಮ ತಮ್ಮ ಅವಸರದಲ್ಲಿ ಹೊರಟಿರುತ್ತವೆ.

"ಏ ತಮ್ಮಾ, ಸಾವಕಾಶ ಹೋಗೋ, ಸಾಲಿ ಬಿಟ್ಟದ!" ಮೊಮ್ಮಗಳ ಕೈ ಹಿಡಿದ ಅಜ್ಜಿಯ ಈ ಕೂಗನ್ನು ನಮ್ಮ ಜಿಲ್ಲೆಯಲ್ಲಿ ಕೇಳದವರು ಇರಲಿಕ್ಕಿಲ್ಲ. ಆ ಮಾತು ಬೈಕಿನವನ ಕಿವಿಗೆ ಬೀಳುವಷ್ಟರಲ್ಲಿ ಅವನು ಮುಂದಿನ ತಿರುವು ದಾಟಿರುತ್ತಾನೆ. ಅಜ್ಜಿ ಕೂಗಿ ಹೇಳಬೇಕಾದದ್ದನ್ನು ರಸ್ತೆಯೇ ಹೇಳುವಂತಿರಬೇಕು. ಸಾಲಿ ಮುಂದಿನ ಆ ಮುನ್ನೂರು ಮೀಟರ್ ದಾರಿಯನ್ನು ವೇಗವಾಗಿ ಹೋಗಬೇಕೆಂದರೂ ಹೋಗಲಾಗದಂತೆ ಕಟ್ಟಬೇಕು. ನಾನು ಹೇಳಬೇಕೆಂದಿರುವುದು ಇಷ್ಟೇ. ಅದು ಏಕೆ, ಹೇಗೆ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ವೇಗದ ಲೆಕ್ಕ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನ ಮುಂದೆ ಒಂದು ಮಗು ಅಡ್ಡ ಬಂತು ಎನ್ನಿ. ಚಾಲಕನ ಕಣ್ಣಿಗೆ ಬಿದ್ದು, ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಕಾರು ಎಂಟು ಮೀಟರಿಗೂ ಹೆಚ್ಚು ಮುಂದೆ ಬಂದಿರುತ್ತದೆ. ಬ್ರೇಕು ಒತ್ತಿದ ಮೇಲೆ ಒಣ ರಸ್ತೆಯಲ್ಲಿ ಇನ್ನೈದು ಮೀಟರ್. ಒಟ್ಟು ಹದಿಮೂರು ಮೀಟರಿನಲ್ಲಿ ಗಾಡಿ ನಿಂತಿತು. ಈಗ ಅದೇ ಕಾರು 50ರ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳಿ. ಚಾಲಕ ಅಷ್ಟೇ ಚುರುಕು, ಬ್ರೇಕೂ ಅಷ್ಟೇ ಗಟ್ಟಿ. ಆದರೆ ಹದಿಮೂರು ಮೀಟರ್ ಮುಗಿದಾಗ ಅವನ ಕಾಲು ಇನ್ನೂ ಬ್ರೇಕನ್ನೇ ಮುಟ್ಟಿರುವುದಿಲ್ಲ. ಮೊದಲ ಕಾರು ನಿಂತ ಜಾಗದಲ್ಲಿ ಎರಡನೆಯದು ಪೂರ್ತಿ ವೇಗದಲ್ಲೇ ಬಂದು ಹೊಡೆಯುತ್ತದೆ. ಅದು ನಿಲ್ಲಲು ಸುಮಾರು ಇಪ್ಪತ್ತೆಂಟು ಮೀಟರ್ ಬೇಕು. ಮಳೆಗಾಲವಾದರೆ, ಟೈರು ಸವೆದಿದ್ದರೆ, ಇನ್ನೂ ಹೆಚ್ಚು. 30ರ ವೇಗದಲ್ಲಿ ತಾಗಿದರೆ ಪೆಟ್ಟಾದರೂ ಬಹುಪಾಲು ಜನ ಬದುಕುತ್ತಾರೆ. 50 ದಾಟಿದ ಮೇಲೆ ಬದುಕುವ ಭರವಸೆ ಬೇಗ ಬೇಗ ಕುಸಿಯುತ್ತದೆ.

ವೇಗ ಇಳಿಸಿದರೆ ಗಾಡಿಯವನಿಗೆ ಆಗುವ ನಷ್ಟವೆಷ್ಟು? ಮುನ್ನೂರು ಮೀಟರ್ ದಾರಿಯನ್ನು 50ರಲ್ಲಿ ದಾಟಲು ಇಪ್ಪತ್ತೆರಡು ಸೆಕೆಂಡು, 30ರಲ್ಲಿ ದಾಟಲು ಮೂವತ್ತಾರು ಸೆಕೆಂಡು. ವ್ಯತ್ಯಾಸ ಹದಿನಾಲ್ಕು ಸೆಕೆಂಡು. ಬೀದರಿನಿಂದ ಔರಾದಿಗೆ ಹೊರಟವನು ದಾರಿಯ ಪ್ರತಿ ಸಾಲಿಯ ಮುಂದೆ ನಿಧಾನ ಮಾಡಿದರೂ ಕೆಲವೇ ನಿಮಿಷ ತಡವಾಗಿ ತಲುಪುತ್ತಾನೆ.

ದೇಶದ ಲೆಕ್ಕವನ್ನೂ ಒಮ್ಮೆ ನೋಡೋಣ. ಕೇಂದ್ರ ಸರಕಾರದ ಸಾರಿಗೆ ಸಚಿವಾಲಯ ಕೊಟ್ಟ ಅಂಕಿಯಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹದಿನೆಂಟು ತುಂಬದವರೇ 9,528. ದಿನಕ್ಕೆ ಇಪ್ಪತ್ತಾರು ಮಕ್ಕಳು. ಒಂದು ತರಗತಿಯ ಹಾಜರಿ ಪುಸ್ತಕದಲ್ಲಿ ಅಷ್ಟು ಹೆಸರುಗಳಿರುತ್ತವೆ.

ಇಷ್ಟಾದರೂ ನಾವು ಇಲ್ಲಿಯತನಕ ಮಾಡಿಕೊಂಡು ಬಂದದ್ದು ಮಕ್ಕಳಿಗೆ ಬುದ್ಧಿ ಹೇಳುವುದನ್ನು. ಬಲಕ್ಕೆ ನೋಡು, ಎಡಕ್ಕೆ ನೋಡು, ಮತ್ತೆ ಬಲಕ್ಕೆ ನೋಡಿ ದಾಟು. ಹೇಳಲೇಬೇಕು, ತಪ್ಪಿಲ್ಲ. ಆದರೆ ಆರೇಳು ವರ್ಷದ ಮಗುವಿಗೆ ಎಷ್ಟು ಹೇಳಿದರೂ ಅದರ ಕಣ್ಣು ಬೆಳೆದವರ ಕಣ್ಣಾಗುವುದಿಲ್ಲ. ಲಂಡನ್ ವಿಶ್ವವಿದ್ಯಾಲಯದ ರಾಯಲ್ ಹಾಲೊವೆ ಕಾಲೇಜಿನ ಸಂಶೋಧಕರು ಪ್ರಾಥಮಿಕ ಶಾಲೆಯ ಮಕ್ಕಳನ್ನು ಇದಕ್ಕಾಗಿಯೇ ಪರೀಕ್ಷಿಸಿದ್ದಾರೆ. ಗಂಟೆಗೆ ಸುಮಾರು 32 ಕಿಲೋಮೀಟರಿಗಿಂತ ವೇಗವಾಗಿ ಎದುರು ಬರುವ ಗಾಡಿ ಹತ್ತಿರವಾಗುತ್ತಿದೆ ಎನ್ನುವುದೇ ಆ ವಯಸ್ಸಿನ ಮಕ್ಕಳಿಗೆ ಸರಿಯಾಗಿ ತಿಳಿಯುವುದಿಲ್ಲ. ಮಗು ಬಲಕ್ಕೆ ನೋಡಿದೆ, ಎಡಕ್ಕೂ ನೋಡಿದೆ, ಗಾಡಿಯನ್ನು ಕಂಡೂ ಇದೆ. ದೂರ ಅದ ಅಂದುಕೊಂಡು ಕಾಲಿಟ್ಟಿದೆ. ಅಂಥ ಮಗುವನ್ನು ನಾವು ಅಜಾಗರೂಕ ಎಂದು ಬೈಯುವ ಹಾಗಿಲ್ಲ.

ಇನ್ನು ಎತ್ತರದ ಮಾತು. ಮೂರಡಿ ಚಿಲ್ಲರೆ ಎತ್ತರದ ಹುಡುಗಿ ನಿಂತ ಜೀಪಿನ ಬಾನೆಟ್ಟಿನ ಹಿಂದೆ ಪೂರ್ತಿ ಮರೆಯಾಗುತ್ತಾಳೆ. ಬಸ್ಸಿನಿಂದ ಇಳಿಯುವುದನ್ನು ಗಮನಿಸಿ. ಹಳ್ಳಿಯ ಫಾಟಾದಲ್ಲಿ ಬಸ್ಸು ನಿಲ್ಲುತ್ತದೆ. ಸಾಲಿ ರಸ್ತೆಯ ಆಚೆ ಬದಿಗಿದೆ. ಮಕ್ಕಳು ಬಸ್ಸು ಹೋಗುವತನಕ ಕಾಯುವುದಿಲ್ಲ, ಅದರ ಮೂತಿಯ ಮುಂದಿನಿಂದಲೇ ದಾಟುತ್ತವೆ. ಬಸ್ಸಿನ ಡ್ರೈವರ್ ಕೈಸನ್ನೆ ಮಾಡಿ ದಾಟಿಸುತ್ತಾನೆ, ಅವನು ಒಳ್ಳೆಯವನೇ. ಅಷ್ಟರಲ್ಲಿ ಬಸ್ಸಿನ ಬಲಬದಿಯಿಂದ ಒಂದು ಬೈಕು ಓವರ್‌ಟೇಕ್ ಮಾಡಿಕೊಂಡು ಬರುತ್ತದೆ. ಬೈಕಿನವನಿಗೆ ಮಗು ಕಾಣಿಸುವುದು, ಮಗುವಿಗೆ ಬೈಕು ಕಾಣಿಸುವುದು, ಎರಡೂ ಕೊನೆಯ ಎರಡು ಮೀಟರಿನಲ್ಲಿ. ಆಗ ಉಳಿಸುವುದು ವೇಗ ಕಡಿಮೆ ಇರುವುದೊಂದೇ.

ಬೀದರ ನಗರದಲ್ಲಿ ಇರುವವರಿಗೆ ವೇಗವನ್ನು ಕಟ್ಟಡವೇ ಹೇಗೆ ಹಿಡಿದು ನಿಲ್ಲಿಸುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ಹಳೇ ಊರಿನ ಕೋಟೆಗೋಡೆಯ ದರವಾಜಾಗಳನ್ನೇ ನೋಡಿ. ಶಾಹಗಂಜ್ ಕಮಾನಿನೊಳಗೆ ಹೋಗುವಾಗ ಯಾವ ಬೋರ್ಡೂ ಇಲ್ಲದೆ, ಯಾವ ಪೊಲೀಸರೂ ಇಲ್ಲದೆ ಪ್ರತಿಯೊಬ್ಬನೂ ಗೇರು ಇಳಿಸುತ್ತಾನೆ. ದಾರಿ ಅಲ್ಲಿ ಇಕ್ಕಟ್ಟಾಗುತ್ತದೆ, ಎದುರಿನವನು ಮೊದಲು ಬರಲಿ ಎಂದು ತಡೆಯಬೇಕಾಗುತ್ತದೆ. ಕೋಟೆಯ ಬಾಗಿಲು ಇನ್ನೂ ಸೂಕ್ಷ್ಮ. ಶರ್ಜಾ ದರವಾಜಾ ದಾಟಿ ಗುಂಬದ ದರವಾಜಾದತ್ತ ಹೋಗುವ ದಾರಿ ನೇರ ಇಲ್ಲ, ತಿರುಗಿ ತಿರುಗಿ ಹೋಗುತ್ತದೆ. ಕುದುರೆ ದಂಡು ಒಂದೇ ಓಟದಲ್ಲಿ ನುಗ್ಗಬಾರದೆಂದು ಬಹಮನಿ ಕಾಲದವರು ಹಾಗೆ ಕಟ್ಟಿದರು. ಇವತ್ತು ಪ್ರಪಂಚದ ನಗರಗಳಲ್ಲಿ ಸಂಚಾರದ ವೇಗ ಇಳಿಸುವ ಇಂಜಿನಿಯರುಗಳು ಮಾಡುವುದು ಇದನ್ನೇ: ದಾರಿಯನ್ನು ಒಂದು ಕಡೆ ಕಿರಿದು ಮಾಡುತ್ತಾರೆ, ಒಂದು ಕಡೆ ಬಾಗಿಸುತ್ತಾರೆ.

ಚೌಬಾರಾ ಇನ್ನೊಂದು ಪಾಠ. ಎಪ್ಪತ್ತೊಂದು ಅಡಿಯ ಆ ಗುಂಡನೆಯ ಗೋಪುರ ದಾರಿಗಳು ಕೂಡುವ ಜಾಗದಲ್ಲಿ ನಟ್ಟನಡುವೆ ನಿಂತಿದೆ. ಅದನ್ನು ಬಳಸಿಯೇ ಹೋಗಬೇಕು, ನೇರ ನುಗ್ಗಲು ಬರುವುದಿಲ್ಲ. ಚೌಬಾರಾದಿಂದ ಕೋಟೆಯ ಕಡೆ ಹೋಗುವ ಅದೇ ರಸ್ತೆಯಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ಇದೆ, 1472ರದು. ಓದಲು ಬಂದವರು ಅಲ್ಲೇ ಇರಲೆಂದು ಕಟ್ಟಡದೊಳಗೇ ಕೋಣೆಗಳಿದ್ದವು. ಓದುವ ಹುಡುಗರು ದಿನಕ್ಕೆರಡು ಸಲ ದಾರಿ ದಾಟುವ ಪ್ರಮೇಯವೇ ಇರಲಿಲ್ಲ. ಈಗ ಆ ರಸ್ತೆಯಲ್ಲಿ ಸಮವಸ್ತ್ರ ಹಾಕಿದ ಮಕ್ಕಳು ಕೈಗಾಡಿ, ಆಟೋ, ಪ್ರವಾಸಿಗರ ಬಸ್ಸು ಎಲ್ಲದರ ನಡುವೆ ದಾರಿ ಮಾಡಿಕೊಂಡು ಹೋಗುತ್ತಾರೆ. ಗದ್ದಲ ಬಹಳ, ಆದರೆ ವೇಗ ಕಡಿಮೆ. ಹಳೇ ಊರಿನ ಗಲ್ಲಿಗಳಲ್ಲಿ ತಾಗಿದರೆ ಹೆಚ್ಚಾಗಿ ಮೊಣಕಾಲು ತರಚುತ್ತದೆ, ಅಷ್ಟೇ.

ನನಗೆ ಹೆಚ್ಚು ಕಳವಳ ಇರುವುದು ಗೋಡೆಯ ಹೊರಗಿನ ಬೀದರದ ಬಗ್ಗೆ. ಮೈಲೂರು, ಗುಂಪಾ, ಚಿದ್ರಿ, ನೌಬಾದ್, ಉದಗೀರ ರಸ್ತೆ. ಊರು ಬೆಳೆದದ್ದು ಆ ಕಡೆಗೆ, ಹೊಸ ಶಾಲೆ ಕಾಲೇಜುಗಳು ಎದ್ದದ್ದೂ ಆ ಕಡೆಗೆ. ರಸ್ತೆಗಳು ಅಗಲವಾದವು, ನಡುವೆ ಡಿವೈಡರ್ ಬಂತು, ಡಾಂಬರು ನುಣುಪಾಯಿತು. ನಾವೆಲ್ಲ ಸಂತೋಷಪಟ್ಟೆವು, ಪಡಬೇಕಾದದ್ದೇ. ಆದರೆ ಅಗಲ ರಸ್ತೆ ಕಂಡರೆ ಕಾಲು ತಾನಾಗಿಯೇ ಆಕ್ಸಿಲರೇಟರ್ ಒತ್ತುತ್ತದೆ. ಯಾರ ಕೆಟ್ಟತನವೂ ಅದರಲ್ಲಿಲ್ಲ, ಒಳ್ಳೆಯ ಮನುಷ್ಯನೂ ಹಾಗೇ ಓಡಿಸುತ್ತಾನೆ. ಎರಡು ಮೀಟರ್ ಫುಟ್‌ಪಾತನ್ನು ನುಂಗಿ ರಸ್ತೆ ಅಗಲ ಮಾಡಿದಾಗ ನಾವು ಏಕಕಾಲಕ್ಕೆ ಎರಡು ಕೆಲಸ ಮಾಡಿದಂತಾಯಿತು. ಮಗುವನ್ನು ರಸ್ತೆಗೆ ಇಳಿಸಿದೆವು, ಗಾಡಿಗೆ ವೇಗ ಕೊಟ್ಟೆವು.

ಕಾನೂನು ಏನು ಹೇಳುತ್ತದೆ ಎಂದು ನೀವು ಕೇಳಬಹುದು. 2018ರ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಹೊರಡಿಸಿದ ವೇಗಮಿತಿಯ ಅಧಿಸೂಚನೆಯಲ್ಲಿ ನಗರದೊಳಗಿನ ರಸ್ತೆಗೆ ಕಾರಿಗೆ 70, ಬೈಕಿಗೆ 60 ಎಂದಿತ್ತು. ಅದು ಗರಿಷ್ಠ ಮಿತಿ. ಅದಕ್ಕಿಂತ ಕಡಿಮೆ ಮಾಡುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 112ನೆಯ ಕಲಮಿನಲ್ಲಿ ರಾಜ್ಯಕ್ಕೂ, ರಾಜ್ಯ ನೇಮಿಸಿದ ಅಧಿಕಾರಿಗೂ ಇದೆ. ಶಾಲೆಯ ಮುಂದೆ 25 ಅಥವಾ 30 ಎಂದು ಗೊತ್ತು ಮಾಡಿ ಫಲಕ ನಿಲ್ಲಿಸಲು ಹೊಸ ಕಾನೂನೇನೂ ಬೇಕಿಲ್ಲ. ಶಾಲಾ ಬಸ್ಸುಗಳಿಗೆ ಗಂಟೆಗೆ 40ರ ಮಿತಿ ಹಾಕಿ ವೇಗ ನಿಯಂತ್ರಕ ಅಳವಡಿಸಬೇಕೆಂದು ಸುಪ್ರೀಂ ಕೋರ್ಟು 1997ರಲ್ಲೇ ಹೇಳಿತ್ತು. ಮಕ್ಕಳನ್ನು ಕೂಡಿಸಿಕೊಂಡ ಗಾಡಿಗೆ 40 ಸಾಕು ಎಂದು ಒಪ್ಪಿದ ನಾವು, ಮಕ್ಕಳು ನಡೆಯುವ ರಸ್ತೆಯ ಗಾಡಿಗೆ ಅದಕ್ಕಿಂತ ಹೆಚ್ಚು ಏಕೆ ಬಿಡಬೇಕು?

ಫಲಕ ಒಂದರಿಂದಲೇ ಕೆಲಸ ಆಗುವುದಿಲ್ಲ ಎನ್ನುವುದೂ ನಿಜ. ಅದಕ್ಕೇ ನಮ್ಮ ಜನ ಕೂಡಲೇ ಕೇಳುವುದು ಬ್ರೇಕರ್. ಅಪಘಾತ ಆಯಿತು, ಜನ ಸೇರಿದರು, ರಸ್ತೆ ತಡೆದರು, ಮರುದಿನ ಒಂದು ಟ್ರ್ಯಾಕ್ಟರ್ ಜಲ್ಲಿ, ಎರಡು ಡಬ್ಬಿ ಡಾಂಬರಿನಲ್ಲಿ ಬ್ರೇಕರ್ ಎದ್ದಿತು. ಅಂಥ ಬ್ರೇಕರನ್ನು ಕೂತು ನೋಡಿದರೆ ತಿಳಿಯುತ್ತದೆ. ಅಗಲ ಒಂದು ಮೊಳ, ಎತ್ತರ ಮುಕ್ಕಾಲು ಅಡಿ, ಅಂಚು ಕೊಯ್ದ ಹಾಗೆ. ಬಣ್ಣ ಇಲ್ಲ, ಸುತ್ತಲಿನ ರಸ್ತೆಯಷ್ಟೇ ಕಪ್ಪು. ರಾತ್ರಿ ಗಂಡನ ಹಿಂದೆ ಒಂದೇ ಬದಿಗೆ ಕಾಲು ಇಳಿಬಿಟ್ಟು ಕೂತ ಹೆಣ್ಣುಮಗಳು, ಮಡಿಲಲ್ಲಿ ಕೂಸು. ಬೈಕು ಎಗರಿದಾಗ ಅವಳಿಗೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಒಬ್ಬರ ಜೀವ ಉಳಿಸಲು ಹಾಕಿದ್ದು ಇನ್ನೊಬ್ಬರ ತಲೆಗೆ ಪೆಟ್ಟು ಕೊಡುತ್ತದೆ. ಆಮೇಲೆ ಯಾರೋ ರಾತ್ರೋರಾತ್ರಿ ಗುದ್ದಲಿಯಿಂದ ಅದನ್ನು ಒಡೆಯುತ್ತಾರೆ, ಸಾಲಿಯ ಮುಂದೆ ಮತ್ತೆ ಮೊದಲಿನ ವೇಗ.

ಬ್ರೇಕರಿಗೂ ಒಂದು ಅಳತೆ ಇದೆ. ಭಾರತೀಯ ರಸ್ತೆ ಕಾಂಗ್ರೆಸ್ ಎಂಬ ಸಂಸ್ಥೆ 1988ರಲ್ಲೇ ಅದನ್ನು ಬರೆದಿಟ್ಟಿದೆ. ಎತ್ತರ 10 ಸೆಂಟಿಮೀಟರ್ ಮಾತ್ರ. ಅಗಲ 3.7 ಮೀಟರ್, ಅಂದರೆ ಹನ್ನೆರಡು ಅಡಿ. ಮೇಲ್ಮೈ ಸಣ್ಣಗೆ ಏರಿ ಸಣ್ಣಗೆ ಇಳಿಯುವ ಗುಂಡನೆಯ ಬಾಗು. 25ರ ವೇಗದಲ್ಲಿ ಬಂದವನಿಗೆ ಕುಲುಕೂ ಇಲ್ಲ, 50ರಲ್ಲಿ ಬಂದವನಿಗೆ ಮಾತ್ರ ಬುದ್ಧಿ ಬರುತ್ತದೆ. ಮೇಲೆ ಕಪ್ಪು ಬಿಳಿ ಪಟ್ಟಿ, 40 ಮೀಟರ್ ಮೊದಲೇ ಎಚ್ಚರಿಕೆಯ ಫಲಕ. 2018ರಲ್ಲಿ ಈ ಮಾರ್ಗಸೂಚಿಯನ್ನು ಪರಿಷ್ಕರಿಸಿ ವೇಗ ಇಳಿಸುವ ಬೇರೆ ಬೇರೆ ಉಪಾಯಗಳನ್ನೂ ಸೇರಿಸಿದರು. ಅವುಗಳಲ್ಲಿ ಸಾಲಿಯ ಮುಂದೆ ನನಗೆ ಎಲ್ಲಕ್ಕಿಂತ ಒಳ್ಳೆಯದಾಗಿ ಕಾಣುವುದು ಎತ್ತರಿಸಿದ ದಾಟುಪಟ್ಟಿ. ಬ್ರೇಕರಿನ ತಲೆಯನ್ನು ಚಪ್ಪಟೆ ಮಾಡಿ ಫುಟ್‌ಪಾತಿನ ಮಟ್ಟಕ್ಕೆ ತಂದು, ಅದರ ಮೇಲೆ ಜೀಬ್ರಾ ಪಟ್ಟಿ ಬರೆಯುವುದು. ಆಗ ಮಗು ರಸ್ತೆಗೆ ಇಳಿಯುವುದಿಲ್ಲ, ಗಾಡಿ ಮಗುವಿನ ಮಟ್ಟಕ್ಕೆ ಏರಿ ಬರುತ್ತದೆ. ಗಾಲಿಕುರ್ಚಿಯಲ್ಲಿ ಬರುವ ಮಗುವಿಗೂ ಅದೇ ದಾರಿ ಆಗುತ್ತದೆ. ರಸ್ತೆ ಕಟ್ಟುವವರು ಇಂಥ ಮಾನದಂಡ ಪಾಲಿಸದೆ ಯಾರಾದರೂ ಸತ್ತರೆ ಅಥವಾ ಅಂಗವಿಕಲರಾದರೆ, ಹೊಣೆಗಾರ ಪ್ರಾಧಿಕಾರಕ್ಕೂ ಗುತ್ತಿಗೆದಾರರಿಗೂ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 198ಎ ಎಂಬ ಹೊಸ ಕಲಮು ಬಂದಿದೆ. ಈ ಕಲಮಿನ ಹೆಸರು ನಮ್ಮ ಜನರ ಬಾಯಲ್ಲಿ ಇನ್ನೂ ಬಂದಿಲ್ಲ, ಬರಬೇಕು.

ಭಾಲ್ಕಿಗೆ ಬರುತ್ತೇನೆ. ಆ ಊರಿನ ಹೆಸರು ಹೇಳಿದರೆ ಡಾ. ಚನ್ನಬಸವ ಪಟ್ಟದ್ದೇವರ ನೆನಪಾಗದೆ ಇರುವುದಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಪುಣ್ಯಾತ್ಮರು. ಮಕ್ಕಳು ಸಾಲಿಗೆ ಬಂದರೆ ಸಾಕು ಎಂದು ಮನೆ ಮನೆ ತಿರುಗಿದ ಕಾಲ ಅದು. ಈಗ ಭಾಲ್ಕಿಯಲ್ಲಿ ಸುತ್ತಲಿನ ಹಳ್ಳಿಗಳ ಮಕ್ಕಳು ಬಸ್ಸಿನಲ್ಲಿ, ರೈಲಿನಲ್ಲಿ, ಆಟೋದಲ್ಲಿ ಬಂದಿಳಿಯುತ್ತಾರೆ. ಆಟೋದ ಹಿಂದೆ ಕೊಂಡಿಗೆ ಸಿಗಿಸಿದ ಪಾಟಿಚೀಲಗಳು, ಒಳಗೆ ಅಡ್ಡಹಲಗೆಯ ಮೇಲೆ ಬೆನ್ನು ಮುಂದಾಗಿ ಕೂತ ಸಣ್ಣ ಮಕ್ಕಳು, ಡ್ರೈವರಿನ ಎರಡೂ ಪಕ್ಕದಲ್ಲಿ ಇಬ್ಬರು. ಆಟೋ ಕಾಕಾನಿಗೆ ಆ ಮಕ್ಕಳ ಹೆಸರೆಲ್ಲ ಗೊತ್ತು, ಯಾವ ಮಗುವನ್ನು ಯಾವ ಗಲ್ಲಿಯಲ್ಲಿ ಕೈ ಹಿಡಿದು ಇಳಿಸಬೇಕೆಂಬುದೂ ಗೊತ್ತು. ಆದರೆ ಡಿಕ್ಕಿಯಾದಾಗ ಆ ಪ್ರೀತಿ ಕಬ್ಬಿಣದ ಸರಳಿನ ಕೆಲಸ ಮಾಡುವುದಿಲ್ಲ.

ಭಾಲ್ಕಿ ಕಡೆಯ ದೊಡ್ಡ ಕಷ್ಟ ಕಬ್ಬಿನ ಹಂಗಾಮು. ದೀಪಾವಳಿ ಕಳೆದ ಮೇಲೆ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆಯ ಕಡೆಗೆ, ಬೀದರ ಬದಿಯಲ್ಲಿ ನಾರಂಜಾ ಕಾರ್ಖಾನೆಯ ಕಡೆಗೆ ಟ್ರ್ಯಾಕ್ಟರುಗಳ ಸಾಲು ಹತ್ತುತ್ತದೆ. ಒಂದು ಇಂಜಿನ್ನಿಗೆ ಎರಡು ಟ್ರೇಲರ್, ಎರಡರಲ್ಲೂ ಆಚೆ ಈಚೆ ಚಾಚಿಕೊಂಡ ಕಬ್ಬು. ಅವುಗಳ ವೇಗ ಹೆಚ್ಚಿರುವುದಿಲ್ಲ. ಅಪಾಯ ಇರುವುದು ಅವುಗಳನ್ನು ದಾಟಿ ಮುಂದೆ ಹೋಗಬೇಕೆಂದು ಅಡ್ಡ ನುಗ್ಗುವವರಿಂದ, ಮತ್ತು ಟ್ರೇಲರಿನಿಂದ ಜಾರಿದ ಜಲ್ಲೆಯನ್ನು ಎಳೆಯಲು ಹಿಂದೆ ಓಡುವ ಹುಡುಗರಿಂದ. ಕಬ್ಬು ಕಂಡು ಓಡದ ಹುಡುಗ ಎಲ್ಲಿದ್ದಾನೆ? ಎರಡು ಟ್ರೇಲರಿನ ನಡುವಿನ ಕೊಂಡಿಯ ಜಾಗ ಎಷ್ಟು ಭಯಂಕರ ಎನ್ನುವುದು ಅವನಿಗೆ ತಿಳಿಯದು. ಇದಕ್ಕೆ ಬ್ರೇಕರೂ ಮದ್ದಲ್ಲ, ತುಂಬಿದ ಟ್ರೇಲರ್ ಅದರ ಮೇಲೆ ವಾಲಾಡುತ್ತದೆ. ಬೆಳಿಗ್ಗೆ ಸಾಲಿ ಕೂಡುವ ಅರ್ಧ ತಾಸು, ಸಂಜೆ ಬಿಡುವ ಅರ್ಧ ತಾಸು, ಊರೊಳಗಿನ ಸಾಲಿ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರು ಮತ್ತು ಟಿಪ್ಪರು ಬರದಂತೆ ತಡೆಯುವುದೊಂದೇ ದಾರಿ. ಗಾಡಿಗಳ ಸಂಚಾರವನ್ನು ಹೊತ್ತು ನೋಡಿ ನಿರ್ಬಂಧಿಸುವ ಅಧಿಕಾರ ಮೋಟಾರು ವಾಹನ ಕಾಯ್ದೆಯ 115ನೆಯ ಕಲಮಿನಲ್ಲಿದೆ. ಹಂಗಾಮು ಶುರುವಾಗುವ ಮೊದಲು ಕಾರ್ಖಾನೆಯವರು, ಪೊಲೀಸರು, ಸಾಲಿಯ ಹೆಡ್‌ಮಾಸ್ತರರು ಒಂದು ಸಲ ಕೂತು ಮಾತಾಡಿದರೆ ಆಗುವ ಕೆಲಸ. ಟ್ರೇಲರಿನ ಹಿಂದೆ ಕೆಂಪು ಪ್ರತಿಫಲಕ ಹಚ್ಚುವುದನ್ನೂ ಅಲ್ಲೇ ಹೇಳಿ ಮುಗಿಸಬಹುದು.

ಔರಾದಿನದು ಇನ್ನೊಂದು ಬಗೆ. ಬೀದರಿನಿಂದ ಜನವಾಡಾ, ಮಾಂಜ್ರಾ ಮೇಲಿನ ಕೌಠಾ ಸೇತುವೆ, ಸಂತಪುರ ದಾಟಿ ಬರುವ ಮುಖ್ಯರಸ್ತೆಯೇ ಮುಂದೆ ಮಹಾರಾಷ್ಟ್ರದ ಕಡೆ ಹೋಗುತ್ತದೆ. ಗಡಿ ಹತ್ತಿರ. ಲಾರಿಯವನಿಗೆ ಔರಾದ ತಲುಪಬೇಕಾದ ಊರಲ್ಲ, ದಾಟಿ ಹೋಗಬೇಕಾದ ಊರು. ಹೊಲಗಳ ನಡುವೆ ತಾಸುಗಟ್ಟಲೆ ಒಂದೇ ವೇಗದಲ್ಲಿ ಬಂದವನ ಕಣ್ಣಿಗೆ ಊರು ಶುರುವಾದದ್ದು ತಕ್ಷಣ ಹತ್ತುವುದಿಲ್ಲ. ದೊಡ್ಡ ಹೆದ್ದಾರಿಗಳ ಮೇಲೆ ಬ್ರೇಕರ್ ಹಾಕಬಾರದೆಂಬುದು ಕೇಂದ್ರ ಸಾರಿಗೆ ಸಚಿವಾಲಯದ ನಿಲುವು, ಅದಕ್ಕೂ ಕಾರಣವಿದೆ. ಹಾಗಾದರೆ ಇಂಥ ಊರುಗಳಲ್ಲಿ ಏನು ಮಾಡಬೇಕು? ಊರ ಬಾಯಿಯಲ್ಲೇ ಹೇಳಬೇಕು. ರಸ್ತೆಗೆ ಅಡ್ಡಲಾಗಿ ದಪ್ಪ ಬಿಳಿ ಪಟ್ಟಿಗಳು, ಮೊದಲು ದೂರ ದೂರ, ಆಮೇಲೆ ಹತ್ತಿರ ಹತ್ತಿರ. ಗಾಲಿಯ ಕೆಳಗೆ ಗರ್ ಗರ್ ಎಂದು ಸದ್ದಾದಾಗ ಜೋಂಪಿನಲ್ಲಿದ್ದವನೂ ಎಚ್ಚರಾಗುತ್ತಾನೆ. ಆಮೇಲೆ ಎರಡೂ ಬದಿ ರಸ್ತೆಯನ್ನು ಸ್ವಲ್ಪ ಕಿರಿದು ಮಾಡಿ, ನಡುವೆ ಮಗು ನಿಲ್ಲುವಷ್ಟು ಒಂದು ಕಟ್ಟೆ. ಆಗ ಮಗು ಒಂದು ಸಲಕ್ಕೆ ಒಂದೇ ದಿಕ್ಕಿನ ಗಾಡಿ ನೋಡಿ ದಾಟಬಹುದು. ಬಸ್‌ಸ್ಟಾಪು ಸಾಲಿಯ ಗೇಟಿಗೆ ಎದುರಾಗಿದ್ದರೆ ಅದನ್ನು ದಾಟುಪಟ್ಟಿಯ ಮುಂದಕ್ಕೆ ಸರಿಸಬೇಕು. ಆಗ ಮಕ್ಕಳು ಬಸ್ಸಿನ ಹಿಂದಿನಿಂದ ದಾಟುತ್ತಾರೆ, ಹಿಂದೆ ಬರುವ ಗಾಡಿಯವರಿಗೆ ಕಾಣುತ್ತಾರೆ.

ಇಲ್ಲಿ ಒಂದು ದುಃಖದ ಸಂಗತಿಯನ್ನು ನೆನೆಯಲೇಬೇಕು. 2022ರ ನವೆಂಬರ್ 4ರ ಸಂಜೆ, ನಮ್ಮದೇ ಜಿಲ್ಲೆಯ ಚಿಟಗುಪ್ಪ ತಾಲೂಕಿನ ಬೇಮಳಖೇಡದಲ್ಲಿ, ಕೂಲಿ ಮುಗಿಸಿ ಆಟೋದಲ್ಲಿ ಊರಿಗೆ ಮರಳುತ್ತಿದ್ದ ಹೆಣ್ಣುಮಕ್ಕಳಿಗೆ ಲಾರಿ ಡಿಕ್ಕಿಯಾಗಿ ಏಳು ಮಂದಿ ತೀರಿಕೊಂಡರು. ಅದು ನಡೆದದ್ದು ಸರಕಾರಿ ಸಾಲಿಯ ಹತ್ತಿರ. ಸತ್ತವರು ಸಾಲಿಯ ಮಕ್ಕಳಲ್ಲ, ತಾಯಂದಿರ ವಯಸ್ಸಿನವರು. ಸಾಲಿಯ ಮುಂದಿನ ರಸ್ತೆಯಲ್ಲಿ ನಡೆಯುವವರು, ಆಟೋದಲ್ಲಿ ಹೋಗುವವರು, ಹೊಲದಿಂದ ಬರುವವರು ಎಲ್ಲರೂ ಅದೇ ದಾರಿಯವರೇ. ಮಕ್ಕಳಿಗಾಗಿ ವೇಗ ಇಳಿಸಿದರೆ ಆ ಎಲ್ಲರ ಜೀವಕ್ಕೂ ಕಾವಲು ಸಿಗುತ್ತದೆ.

ಈಗ ನಮ್ಮ ಕಡೆಗೂ, ತಂದೆತಾಯಿಗಳ ಕಡೆಗೂ, ನೋಡಬೇಕು. ನಗರದ ಖಾಸಗಿ ಶಾಲೆಗಳ ಗೇಟಿನಲ್ಲಿ ಆ ಇಪ್ಪತ್ತು ನಿಮಿಷದ ಗದ್ದಲ ಅರ್ಧಕ್ಕರ್ಧ ಪಾಲಕರ ಗಾಡಿಗಳದ್ದೇ. ಪ್ರತಿಯೊಬ್ಬರಿಗೂ ತಮ್ಮ ಮಗು ಗೇಟಿನ ಬಾಯಲ್ಲೇ ಹತ್ತಬೇಕು. ಕಾರು ತಿರುಗಿಸಲು ಹಿಂದಕ್ಕೆ ಬಿಡುತ್ತೇವೆ, ಹಿಂದೆ ಬೇರೆಯವರ ಮಗು ನಿಂತಿರುತ್ತದೆ. ನೂರು ಹೆಜ್ಜೆ ದೂರದಲ್ಲಿ ಗಾಡಿ ನಿಲ್ಲಿಸಿ ನಡೆದು ಬಂದರೆ ಗೇಟಿನ ಮುಂದಿನ ಜಾಗ ಮಕ್ಕಳಿಗೆ ಉಳಿಯುತ್ತದೆ. ಹೈಸ್ಕೂಲಿನ ಹುಡುಗನ ಕೈಗೆ ಸ್ಕೂಟಿಯ ಕೀಲಿ ಕೊಡುವ ಮನೆಗಳೂ ಕಡಿಮೆ ಇಲ್ಲ. ಟ್ಯೂಷನ್ ದೂರ, ಸಮಯ ಇಲ್ಲ ಎನ್ನುತ್ತೇವೆ. ಹದಿನೆಂಟು ತುಂಬದವನು ಗಾಡಿ ಓಡಿಸಿ ಅಪರಾಧ ಎಸಗಿದರೆ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ ಪಾಲಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಆ ಹುಡುಗನಿಗೆ ಇಪ್ಪತ್ತೈದು ವರ್ಷ ಆಗುವತನಕ ಲೈಸೆನ್ಸ್ ಇಲ್ಲ. ಶಿಕ್ಷೆಯ ಭಯಕ್ಕಿಂತ ಮುಖ್ಯವಾದದ್ದು, ಅವನ ಸ್ಕೂಟಿಗೆ ಸಿಗುವ ಮಗು ಅವನ ಶಾಲೆಯದೇ ಆಗಿರುತ್ತದೆ.

ಇದೆಲ್ಲ ಶ್ರೀಮಂತ ದೇಶದ ಮಾತು ಎಂದು ಕೆಲವರು ಹೇಳುತ್ತಾರೆ. ನೆದರ್ಲೆಂಡ್ಸ್ ದೇಶ ಈಗ ಸೈಕಲ್ಲಿಗೆ ಹೆಸರುವಾಸಿ. ಆದರೆ 1971ರಲ್ಲಿ ಅಲ್ಲಿ ರಸ್ತೆಯಲ್ಲಿ ಸತ್ತವರು ಸುಮಾರು 3,300 ಮಂದಿ, ಅವರಲ್ಲಿ ಮಕ್ಕಳೇ ನಾನ್ನೂರಕ್ಕೂ ಹೆಚ್ಚು. ಸೈಕಲ್ ಮೇಲೆ ಶಾಲೆಗೆ ಹೋಗುತ್ತಿದ್ದ ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತ ತಂದೆ, ಮಕ್ಕಳ ಕೊಲೆ ನಿಲ್ಲಿಸಿ ಎಂದು ಬರೆದ. ತಾಯಂದಿರು ಮಕ್ಕಳನ್ನು ಕಟ್ಟಿಕೊಂಡು ಬೀದಿಗೆ ಬಂದರು, ರಸ್ತೆ ತಡೆದು ಅಲ್ಲೇ ಆಟ ಆಡಿಸಿದರು. ಆ ಒತ್ತಡಕ್ಕೆ ಸರಕಾರ ಮಣಿಯಿತು. ನಡೆಯುವವರಿಗೆ ಮೊದಲ ಹಕ್ಕು, ಗಾಡಿ ನಡಿಗೆಯ ವೇಗದಲ್ಲಿ ಬರಬೇಕು ಎಂಬ ವಸತಿ ಬೀದಿಗಳಿಗೆ 1976ರಲ್ಲಿ ಕಾನೂನಿನ ಮಾನ್ಯತೆ ಬಂತು. ಆಫ್ರಿಕಾದ ತಾಂಜಾನಿಯಾ ನಮಗಿಂತ ಬಡದೇಶ. ಅಲ್ಲಿಯ ದಾರ್ ಎಸ್ ಸಲಾಮ್ ನಗರದಲ್ಲಿ ಅಮೆಂಡ್ ಎಂಬ ಸಂಸ್ಥೆ ಶಾಲೆ ಶಾಲೆಗೆ ಹೋಗಿ ಮಕ್ಕಳು ಬರುವ ದಾರಿ ನೋಡಿತು. ಒಂದು ಕಡೆ ನಡೆಯುವ ಹಾದಿ, ಒಂದು ಕಡೆ ಬ್ರೇಕರ್, ಒಂದು ಕಡೆ ಗೂಟ. ಕೆಲವು ಕಡೆ ಶಾಲೆಯ ಗೇಟನ್ನೇ ದೊಡ್ಡ ರಸ್ತೆಯಿಂದ ತೆಗೆದು ಬೇರೆ ಬದಿಗೆ ಇಟ್ಟರು. ಈ ಕೆಲಸಕ್ಕೆ 2019ರಲ್ಲಿ ಅಂತರರಾಷ್ಟ್ರೀಯ ಬಹುಮಾನವೂ ಬಂತು. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು, ನಡೆಯುವವರೂ ಗಾಡಿಗಳೂ ಬೆರೆಯುವ ಕಡೆ 30ರ ಮಿತಿ ಇರಲಿ ಎಂದು ಘೋಷಿಸಿದವು, ವಿಶ್ವಸಂಸ್ಥೆಯ ಮಹಾಸಭೆ ಅದೇ ವರ್ಷ ಅದನ್ನು ಅನುಮೋದಿಸಿತು.

ಗೇಟು ಬದಲಿಸುವ ಆ ಉಪಾಯ ನನ್ನ ಮನಸ್ಸಿನಲ್ಲಿ ಬಹಳ ನಿಂತಿದೆ. ನಮ್ಮ ಎಷ್ಟೋ ಸರಕಾರಿ ಸಾಲಿಗಳಿಗೆ ಹಿಂದೆ ಅಥವಾ ಪಕ್ಕದಲ್ಲಿ ಒಂದು ಗಲ್ಲಿ ಇರುತ್ತದೆ. ಗೋಡೆಯಲ್ಲಿ ಎಂಟಡಿ ಒಡೆದು ಒಂದು ಗೇಟು ಕೂಡಿಸಿದರೆ, ಮುಖ್ಯರಸ್ತೆಯ ಗೇಟಿಗೆ ಸಾಲಿ ಬಿಡುವ ಹೊತ್ತಿನಲ್ಲಿ ಬೀಗ ಹಾಕಿದರೆ, ಮಕ್ಕಳು ಗಲ್ಲಿಗೆ ಇಳಿಯುತ್ತಾರೆ. ಅಲ್ಲಿ ಓಡಿದರೂ ಓಡಲಿ. ಇದಕ್ಕೆ ಬೇಕಾದ ಹಣವನ್ನು ಸಾಲಿಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು, ಊರಿನ ದಾನಿಗಳು ಸೇರಿಸಬಹುದು. ದೊಡ್ಡ ಕೆಲಸಕ್ಕೆ ನಮ್ಮಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಇದೆ. ಶಾಲಾ ಕೋಣೆ ಕಟ್ಟಲು ಹಣ ಕೇಳುವಾಗ ಆ ಕೋಣೆಗೆ ಮಗು ಬರುವ ಇನ್ನೂರು ಮೀಟರ್ ಫುಟ್‌ಪಾತನ್ನೂ ಅದೇ ಅಂದಾಜುಪಟ್ಟಿಯಲ್ಲಿ ಸೇರಿಸಿ ಎಂದು ಶಾಸಕರನ್ನು, ಅಧಿಕಾರಿಗಳನ್ನು ಕೇಳಬೇಕು.

ಕೇಳುವುದು ಹೇಗೆಂದರೆ, ಕಾಗದದ ಮೇಲೆ ಕೇಳಬೇಕು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಇದೆ. ಅದರಲ್ಲಿ ಪೊಲೀಸ್, ಸಾರಿಗೆ, ಲೋಕೋಪಯೋಗಿ ಇಲಾಖೆಗಳವರು ಕೂಡುತ್ತಾರೆ. ಬೀದರಿನವರು ನಗರಾಡಳಿತಕ್ಕೆ, ಭಾಲ್ಕಿಯವರು ಪುರಸಭೆಗೆ, ಔರಾದಿನವರು ಪಟ್ಟಣ ಪಂಚಾಯತಿಗೆ ಬರೆದ ಅರ್ಜಿಯ ಒಂದು ಪ್ರತಿ ಆ ಸಮಿತಿಗೂ ಹೋಗಲಿ. ಬ್ರೇಕರ್ ಹಾಕಿಕೊಡಿ ಎಂದು ಒಂದೇ ಸಾಲು ಬರೆದರೆ ಜಲ್ಲಿಯ ದಿಬ್ಬವೇ ಬರುತ್ತದೆ. ಅದಕ್ಕೇ ಬರೆಯುವ ಮೊದಲು ಶಿಕ್ಷಕರು, ಇಬ್ಬರು ಮೂವರು ತಾಯಂದಿರು, ಒಬ್ಬ ಆಟೋದವರು ಸೇರಿ ಒಂದು ಸಂಜೆ ಗೇಟಿನ ಮುಂದೆ ನಿಂತು ನೋಡಲಿ. ಎಷ್ಟು ಮಕ್ಕಳು ಯಾವ ಜಾಗದಲ್ಲಿ ದಾಟುತ್ತಾರೆ, ಎಲ್ಲಿ ಗಾಡಿ ಮರೆಯಾಗುತ್ತದೆ, ಫುಟ್‌ಪಾತಿನ ಮೇಲೆ ಏನು ಕೂತಿದೆ, ಬೀದಿದೀಪ ಎಲ್ಲಿಲ್ಲ ಎಂದು ಬರೆದುಕೊಳ್ಳಲಿ. ಎಂಟನೆಯ ತರಗತಿಯ ಮಕ್ಕಳಿಗೇ ಟೇಪು ಕೊಟ್ಟು ನಕ್ಷೆ ಬರೆಸಿದರೆ ಇನ್ನೂ ಒಳ್ಳೆಯದು, ತಮ್ಮ ದಾರಿ ಅವರಿಗೇ ಹೆಚ್ಚು ಗೊತ್ತು. ಆ ನಕ್ಷೆಯನ್ನು ಅರ್ಜಿಗೆ ಲಗತ್ತಿಸಿ. 30ರ ಮಿತಿಯ ಫಲಕ, ಅಳತೆಗೆ ತಕ್ಕ ಎತ್ತರಿಸಿದ ದಾಟುಪಟ್ಟಿ, ಸಾಲಿ ಕೂಡುವ ಮತ್ತು ಬಿಡುವ ಹೊತ್ತಿನಲ್ಲಿ ಭಾರಿ ವಾಹನಕ್ಕೆ ತಡೆ, ಇವನ್ನು ಹೆಸರು ಹಿಡಿದು ಕೇಳಿ. ಅರ್ಜಿ ಕೊಟ್ಟಾಗ ದಿನಾಂಕ ಹಾಕಿದ ಸ್ವೀಕೃತಿ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಬೇಸಿಗೆ ರಜೆಯಲ್ಲಿ ರಸ್ತೆಯ ಮೇಲೆ ಮಕ್ಕಳಿರುವುದಿಲ್ಲ, ಬಿಸಿಲಿಗೆ ಬಣ್ಣವೂ ಬೇಗ ಒಣಗುತ್ತದೆ, ಕೆಲಸ ಮಾಡಿಸಲು ಅದಕ್ಕಿಂತ ಒಳ್ಳೆಯ ಕಾಲ ಇನ್ನೊಂದಿಲ್ಲ. ಹಾಗಾಗಿ ಅರ್ಜಿ ಮಾರ್ಚಿನೊಳಗೇ ಕಚೇರಿ ಮುಟ್ಟಿರಲಿ.